ಔಷಧಿ ಹಾಕದೆ ಬಿಟ್ಟ ಸಾಲು

ಕತ್ರಿಗುಪ್ಪೆಯ ವಾಟರ್ ಟ್ಯಾಂಕಿನಿಂದ ಎರಡು ರಸ್ತೆ ಒಳಗಿರುವ ಮನೆ. ಗುಬ್ಬಿ ಸೀಮೆಯಲ್ಲಿ ಅಡಿಕೆ, ತೆಂಗು ಮಾಡಿಕೊಂಡಿರುವ ಚಿಕ್ಕಪ್ಪ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬಂದವರು ಅಣ್ಣನ ಮನೆಯಲ್ಲೇ ಉಳಿದಿದ್ದಾರೆ. ಶುಗರ್ ಹತೋಟಿಗೆ ಬರುವತನಕ ಆಪರೇಷನ್ ಬೇಡ ಎಂದು ಡಾಕ್ಟರು ದಿನ ಮುಂದಕ್ಕೆ ಹಾಕಿದ್ದಾರೆ. ಅಣ್ಣನ ಮಗಳು ಫಾರ್ಮಸಿ ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳೆ.

ಚಿಕ್ಕಪ್ಪ: ಇದೇ ನೋಡಮ್ಮ ಆ ಕ್ಯಾಪ್ಸೂಲು. ಲಿಂಗ್‌ಝಿ ಅಂತ ಹೆಸರು. ಚೀನಾದವರು ಎರಡು ಸಾವಿರ ವರ್ಷದಿಂದ ತಿಂತಿದ್ದಾರಂತೆ. ಹಿಂದೆ ರಾಜರಿಗೆ ಬಿಟ್ರೆ ಬೇರೆಯವರಿಗೆ ಸಿಗ್ತಾನೇ ಇರಲಿಲ್ಲವಂತೆ. ಹಿಂದಿನ ಬೀದಿಯಲ್ಲಿ ನಮ್ಮೂರ ಕಡೆಯವರೇ ಒಬ್ಬರಿದ್ದಾರಲ್ಲ, ಅವರ ಮನೆಯಾಕೆ ಕೊಟ್ಟರು. ಶುಗರ್‌ಗೂ ಆಗುತ್ತೆ, ಬಿಪಿಗೂ ಆಗುತ್ತೆ, ಆರು ತಿಂಗಳಲ್ಲಿ ಇಂಗ್ಲಿಷ್ ಮಾತ್ರೆ ಬಿಟ್ಟುಬಿಡಬಹುದು ಅಂದ್ರು.

ಮಗಳು: ಮಾತ್ರೆ ಬಿಟ್ಟಿಲ್ಲ ತಾನೇ ನೀವು?

ಚಿಕ್ಕಪ್ಪ: ಇನ್ನೂ ಇಲ್ಲ. ನಿನ್ನ ಒಂದು ಮಾತು ಕೇಳೋಣ ಅಂತ.

ಮಗಳು: ಡಬ್ಬಿ ಕೊಡಿ ಇಲ್ಲಿ. ಗ್ಯಾನೊಡರ್ಮ ಲೂಸಿಡಮ್. ಚಿಕ್ಕಪ್ಪ, ಈ ಹೆಸರು ನೀವು ಮೊದಲೇ ಓದಿದ್ದೀರಿ. ಅಣಬೆ ರೋಗದ ಬಗ್ಗೆ ತೋಟಗಾರಿಕೆ ಇಲಾಖೆಯವರು ಹಂಚೋ ಕರಪತ್ರದಲ್ಲಿ ಇರುತ್ತೆ.

ಚಿಕ್ಕಪ್ಪ: ಅಣಬೆ ರೋಗವಾ? ಅಡಿಕೆಗೆ ಬರುತ್ತಲ್ಲ, ಅದಾ?

ಮಗಳು: ಅದೇ. ಅಡಿಕೆಗೂ ತೆಂಗಿಗೂ.

ಚಿಕ್ಕಪ್ಪ: ಅಯ್ಯೋ, ಅದನ್ನ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೊದಲು ಕೆಳಗಿನ ಸೋಗೆ ಹಳದಿಯಾಗಿ ಜೋತು ಬೀಳುತ್ತೆ. ನೀರು ಸಾಲದೇನೋ ಅಂದುಕೊಂಡು ನಾವು ಇನ್ನಷ್ಟು ನೀರು ಬಿಡ್ತೀವಿ. ಆಮೇಲೆ ಬುಡದಲ್ಲಿ ಕಂದು ಬಣ್ಣದ ರಸ ಸೋರೋಕೆ ಶುರುವಾಗುತ್ತೆ. ಅಷ್ಟು ಹೊತ್ತಿಗೆ ಒಳಗೆಲ್ಲ ಕೊಳೆತು ಹೋಗಿರುತ್ತೆ. ಕೊನೆಗೆ ಬುಡದಲ್ಲಿ ಅಣಬೆ ಏಳುತ್ತೆ ನೋಡು, ಅರ್ಧ ತಟ್ಟೆ ಅಂಟಿಸಿದ ಹಾಗೆ, ಮೇಲೆ ವಾರ್ನಿಷ್ ಬಳಿದಂಥ ಹೊಳಪು. ಅದು ಎದ್ದ ಮೇಲೆ ಆ ಮರದ ಆಸೆ ಬಿಡಬೇಕು. ಸುತ್ತ ಎರಡಡಿ ಆಳಕ್ಕೆ ಕಾಲುವೆ ತೆಗೆದು, ಬೇರಿಂದ ಬೇರಿಗೆ ಹೋಗದ ಹಾಗೆ ಕಡಿದು, ಪಕ್ಕದ ಮರಗಳಿಗೆ ಬೇವಿನ ಹಿಂಡಿ ಹಾಕಿ... ನಮ್ಮ ಕೆಳಗಿನ ತೋಟ ಅರ್ಧ ಹೋಗಿದ್ದೇ ಅದರಿಂದ. ಅದನ್ನೇ ಪುಡಿ ಮಾಡಿ ನನಗೆ ತಿನ್ನಿಸ್ತಿದ್ದಾರಾ? ತಗೊಂಡು ಹೋಗಿ ಬಿಸಾಕು ಆಚೆ!

ಮಗಳು: ತಡೀರಿ. ಮರ ಕೊಲ್ಲುತ್ತೆ ಅನ್ನೋ ಕಾರಣಕ್ಕೆ ಬಿಸಾಕೋದು ಬೇಡ. ಆ ಅಣಬೆ ಬದುಕೋದು ಮರದೊಳಗಿನ ಗಟ್ಟಿ ನಾರನ್ನು ಕರಗಿಸಿ ತಿಂದು. ನಮ್ಮ ಮೈಯಲ್ಲಿ ಆ ನಾರೇ ಇಲ್ಲ. ಮರಕ್ಕೆ ವೈರಿಯಾದದ್ದು ಮನುಷ್ಯನಿಗೂ ವೈರಿ ಆಗಬೇಕು ಅಂತೇನಿಲ್ಲ. ಪೆನಿಸಿಲಿನ್ ಬಂದದ್ದೂ ಬೂಷ್ಟಿನಿಂದಲೇ ಅಲ್ವಾ. ಒಳ್ಳೇದು ಅಂತ ಒಪ್ಪೋಕೆ ಹೇಗೆ ಕಾರಣ ಬೇಕೋ, ಕೆಟ್ಟದ್ದು ಅಂತ ತಳ್ಳೋಕೂ ಸರಿಯಾದ ಕಾರಣ ಬೇಕು.

ಚಿಕ್ಕಪ್ಪ: ಹಾಗಾದ್ರೆ ತಿನ್ನಬಹುದು ಅಂತೀಯಾ?

ಮಗಳು: ಅದನ್ನೂ ಹೇಳಲಿಲ್ಲ. ಮೊದಲು ಇದರೊಳಗೆ ಏನಿದೆ ಅಂತ ಕೇಳೋಣ. ಲೂಸಿಡಮ್ ಅನ್ನೋ ಹೆಸರು ಹೊತ್ತ ಅಣಬೆಯನ್ನು ಮೊದಲು ವಿವರಿಸಿದ್ದು ಇಂಗ್ಲೆಂಡಿನಲ್ಲಿ, 1781ರಲ್ಲಿ. ಆಮೇಲೆ ಎಲ್ಲಿ ಹೊಳಪಿನ ಅಣಬೆ ಕಂಡರೂ ಅದೇ ಹೆಸರು ಹಾಕ್ತಾ ಬಂದರು. ಚೀನಾದಲ್ಲಿ ಬೆಳೆಯೋದು ಬೇರೆಯೇ ಜಾತಿ ಅಂತ ತೀರ್ಮಾನ ಮಾಡಿ, ಗ್ಯಾನೊಡರ್ಮ ಲಿಂಗ್‌ಝಿ ಅಂತ ಪ್ರತ್ಯೇಕ ಹೆಸರು ಕೊಟ್ಟದ್ದು 2012ರಲ್ಲಿ. ಅಂದ್ರೆ ಇಂಗ್ಲೆಂಡಿನದು ಒಂದು, ಚೀನಾದ್ದು ಇನ್ನೊಂದು, ನಿಮ್ಮ ಅಡಿಕೆ ಬುಡದ್ದಕ್ಕೂ ನಮ್ಮ ಪುಸ್ತಕಗಳಲ್ಲಿ ಅದೇ ಹೆಸರು. ಈ ಡಬ್ಬಿಯವರು ಯಾವುದನ್ನ ತುಂಬಿದ್ದಾರೆ? ಅಮೆರಿಕದ ಮಾರುಕಟ್ಟೆಯಲ್ಲಿ ಮಾರೋ ಇಂಥ 19 ಸರಕು ತಂದು ಪರೀಕ್ಷೆ ಮಾಡಿ 2017ರಲ್ಲಿ ಪ್ರಕಟಿಸಿದರು. ಚೀಟಿಯಲ್ಲಿ ಬರೆದದ್ದಕ್ಕೂ ಒಳಗಿನ ಪುಡಿಗೂ ತಾಳೆಯಾದದ್ದು ಬರೀ ಐದರಲ್ಲಿ.

ಚಿಕ್ಕಪ್ಪ: ಹತ್ತೊಂಬತ್ತರಲ್ಲಿ ಐದಾ! ಗೊಬ್ಬರದ ಅಂಗಡಿಯವನೇ ವಾಸಿ. ಆದ್ರೂ ಒಂದು ಕೇಳ್ತೀನಿ. ಎರಡು ಸಾವಿರ ವರ್ಷ ಜನ ತಿಂದಿದ್ದಾರಲ್ಲ? ಗುಣ ಇಲ್ಲದೆ ಇಷ್ಟು ಕಾಲ ಉಳಿಯುತ್ತಾ? ನಮ್ಮಜ್ಜಿ ಮಾಡ್ತಿದ್ದ ಕಷಾಯಕ್ಕೆ ಯಾವ ಸರ್ಟಿಫಿಕೇಟ್ ಇತ್ತು? ನೀವು ಓದಿದವರು ಹಳೇದನ್ನೆಲ್ಲ ಒಂದೇ ಏಟಿಗೆ ಅಲ್ಲಗಳೀತೀರಿ.

ಮಗಳು: ಅಲ್ಲಗಳೆಯೋಲ್ಲ ಚಿಕ್ಕಪ್ಪ. ಆದರೆ ಅವರು ನಿಮಗೆ ಹೇಳಿದ ಎರಡು ಮಾತನ್ನ ಪಕ್ಕಪಕ್ಕ ಇಟ್ಟು ನೋಡಿ. ರಾಜರಿಗೆ ಬಿಟ್ರೆ ಸಿಗ್ತಿರಲಿಲ್ಲ ಅಂದ್ರು. ಎರಡು ಸಾವಿರ ವರ್ಷದಿಂದ ಜನ ತಿಂತಿದ್ದಾರೆ ಅಂತಲೂ ಅಂದ್ರು. ಎರಡೂ ಹೇಗೆ ನಿಜ ಆಗುತ್ತೆ? ಕಾಡಿನಲ್ಲಿ ಅದು ಅಪರೂಪಕ್ಕೆ ಸಿಗ್ತಿತ್ತು ಅನ್ನೋದು ನಿಜ. ಮರದ ತುಂಡಿನ ಮೇಲೆ, ಹೊಟ್ಟಿನ ಮೇಲೆ ಬೇಕಾದಷ್ಟು ಬೆಳೆಯೋದನ್ನ ಕಲಿತದ್ದು 1970ರ ಈಚೆಗೆ. ಸಾವಿರಾರು ಜನ ದಿನಾ ತಿನ್ನೋಕೆ ಶುರು ಮಾಡಿ ಐವತ್ತು ವರ್ಷ ಆಗಿದೆ ಅಷ್ಟೆ. ಹಳೇ ಗ್ರಂಥದಲ್ಲಿ ಇದೆಯಾ ಅಂದ್ರೆ ಇದೆ. ಶೆನ್‌ನಾಂಗ್ ಹೆಸರಿನ ಔಷಧ ಗ್ರಂಥ ಆರು ಬಣ್ಣದ ಅಣಬೆ ಹೇಳಿ, ಎಲ್ಲವನ್ನೂ ಮೇಲಿನ ದರ್ಜೆಗೆ ಸೇರಿಸುತ್ತೆ. ಮೈ ಹಗುರಾಗುತ್ತೆ, ಆಯುಸ್ಸು ಹೆಚ್ಚುತ್ತೆ ಅನ್ನುತ್ತೆ. ನಿಮ್ಮ ಮೂರು ತಿಂಗಳ ಸರಾಸರಿ ಶುಗರ್, ಆ ಎಚ್‌ಬಿಎ1ಸಿ, ಎಂಟೂವರೆಯಿಂದ ಏಳಕ್ಕೆ ಇಳಿಯುತ್ತೆ ಅಂತ ಅದರಲ್ಲಿ ಎಲ್ಲಿದೆ? ಆ ಮಾತು ಈಗಿನವರು ಹಳೇ ಗ್ರಂಥದ ಹೆಗಲ ಮೇಲೆ ಹೊರಿಸಿದ್ದು.

ಚಿಕ್ಕಪ್ಪ: ಚೀನಾದ ಸೊಪ್ಪಿಗೆ ನೊಬೆಲ್ ಬಂತಲ್ಲ, ಮಲೇರಿಯಾ ಔಷಧಿಗೆ? ಪೇಪರ್‌ನಲ್ಲಿ ಓದಿದ ನೆನಪು.

ಮಗಳು: ಬಂತು, 2015ರಲ್ಲಿ, ತು ಯೂಯೂ ಅನ್ನೋರಿಗೆ. ಆ ಕಥೆ ನನಗೆ ತುಂಬ ಇಷ್ಟ. ಗೆ ಹಾಂಗ್ ಅನ್ನೋ ವೈದ್ಯ ನಾಲ್ಕನೇ ಶತಮಾನದಲ್ಲಿ ಬರೆದ ಪುಸ್ತಕದಲ್ಲಿ, ಚಿಂಗ್‌ಹಾವ್ ಸೊಪ್ಪನ್ನು ನೀರಲ್ಲಿ ನೆನೆಸಿ ಹಿಂಡಿ ರಸ ಕುಡಿಯಬೇಕು ಅಂತಿತ್ತು. ಕುದಿಸು ಅಂದಿರಲಿಲ್ಲ. ಬಿಸಿಗೆ ಗುಣ ಹೋಗುತ್ತೇನೋ ಅಂತ ತು ಯೂಯೂ ಅವರಿಗೆ ಹೊಳೆದದ್ದು ಆ ಸಾಲಿನಿಂದ. ಹಳೆಯವರ ಮಾತನ್ನ ಅವರಷ್ಟು ಶ್ರದ್ಧೆಯಿಂದ ಓದಿದವರು ಕಡಿಮೆ. ಆದರೆ ಅದಕ್ಕೂ ಮೊದಲು ಅವರ ತಂಡ ಎರಡು ಸಾವಿರಕ್ಕೂ ಹೆಚ್ಚು ಹಳೇ ಯೋಗಗಳನ್ನ ಜಾಲಾಡಿತ್ತು. ಸುಮಾರು 200 ಗಿಡಗಳಿಂದ 380ಕ್ಕೂ ಹೆಚ್ಚು ಸಾರ ತೆಗೆದು ಇಲಿಗಳ ಮೇಲೆ ನೋಡಿತ್ತು. ಅಷ್ಟರಲ್ಲಿ ಗೆದ್ದು ಬಂದದ್ದು ಒಂದು. ಆಮೇಲೆ ತಾವೇ ಕುಡಿದು ನೋಡಿ, ಮಲೇರಿಯಾ ರೋಗಿಗಳಿಗೆ ಕೊಟ್ಟು, ಅದರೊಳಗಿನ ವಸ್ತು ಬೇರ್ಪಡಿಸಿ, ಎಷ್ಟು ಕೊಡಬೇಕು ಅಂತ ಗೊತ್ತು ಮಾಡಿಕೊಂಡರು. ನೊಬೆಲ್ ಬಂದದ್ದು ಆ ಕೆಲಸಕ್ಕೆ. ಗೆದ್ದ ಒಂದರ ಹೆಸರು ಹೇಳಿಕೊಂಡು ಪರೀಕ್ಷೆಗೇ ಕೂರದ ಗಿಡಗಳೂ ಅಂಗಡಿಗೆ ಬಂದು ಕೂತಿವೆ, ನನ್ನ ಸಿಟ್ಟು ಅದರ ಮೇಲೆ.

ಚಿಕ್ಕಪ್ಪ: ಗುಣ ಇಲ್ಲದಿದ್ರೆ ಇಲ್ಲ, ತೊಂದರೆ ಅಂತೂ ಇರಲ್ಲವಲ್ಲ. ಇಷ್ಟು ಕಾಲ ತಿಂದು ಯಾರಿಗೂ ಏನೂ ಆಗಿಲ್ಲ ಅಂದ ಮೇಲೆ.

ಮಗಳು: ಏನೂ ಆಗಿಲ್ಲ ಅಂತ ಗೊತ್ತಾಗೋದು ಹೇಗೆ ಹೇಳಿ. ಬೆಳಿಗ್ಗೆ ತಿಂದು ಸಂಜೆ ವಾಂತಿ ಆದ್ರೆ ಅಜ್ಜಿಗೂ ಗೊತ್ತಾಗುತ್ತೆ, ಅಂಥ ಸೊಪ್ಪನ್ನ ಅವರು ಮತ್ತೆ ಒಲೆ ಹತ್ತಿರ ತರಲ್ಲ. ಎಷ್ಟೋ ತಿಂಗಳು, ವರ್ಷ ಬಿಟ್ಟು ಕಿಡ್ನಿ ಹೋದ್ರೆ? ಹಾಗೆ ಆಗಿದೆ. ಬೆಲ್ಜಿಯಂ ದೇಶದ ಬ್ರಸೆಲ್ಸ್‌ನಲ್ಲಿ 1990ರ ಸುಮಾರಿಗೆ ಒಂದು ಕ್ಲಿನಿಕ್ಕಿನಲ್ಲಿ ತೂಕ ಇಳಿಸೋ ಮಾತ್ರೆಗೆ ಚೀನಾದ ಬೇರಿನ ಪುಡಿ ಸೇರಿಸಿದ್ರು. ಸೇರಬೇಕಾದದ್ದು ಫಾಂಗ್ ಜಿ ಅನ್ನೋ ಬೇರು. ಸೇರಿದ್ದು ಗ್ವಾಂಗ್ ಫಾಂಗ್ ಜಿ, ಅರಿಸ್ಟೊಲೋಕಿಯ ಕುಲದ್ದು. ನೂರಕ್ಕೂ ಹೆಚ್ಚು ಜನರ ಕಿಡ್ನಿ ಹಾಳಾಯ್ತು, ಹೆಚ್ಚಿನವರು ಹೆಂಗಸರು. ಆಮೇಲೆ ಕಿಡ್ನಿ ಪೂರ್ತಿ ನಿಂತುಹೋದ 39 ಜನರ ಕಿಡ್ನಿ, ಮೂತ್ರನಾಳ ತೆಗೆದು ಪರೀಕ್ಷೆ ಮಾಡಿದ್ರೆ 18 ಜನರಲ್ಲಿ ಕ್ಯಾನ್ಸರ್ ಇತ್ತು. ಆ ಕುಲದ ಗಿಡಗಳನ್ನ ಎಷ್ಟೋ ದೇಶಗಳಲ್ಲಿ ನೂರಾರು ವರ್ಷದಿಂದ ಔಷಧಿಗೆ ಬಳಸ್ತಿದ್ರು. ನಮ್ಮಲ್ಲೂ ಒಂದಿದೆ, ಈಶ್ವರಿ ಬಳ್ಳಿ.

ಚಿಕ್ಕಪ್ಪ: ಈಶ್ವರಿ ಬೇರಾ? ಹಾವು ಕಚ್ಚಿದ್ರೆ ಅರೆದು ಕುಡಿಸ್ತಿದ್ರು ನಮ್ಮ ಕಡೆ.

ಮಗಳು: ಅದೇ. ಅದರಲ್ಲೂ ಆ ವಿಷ ಇದೆ, ಅರಿಸ್ಟೊಲೋಕಿಕ್ ಆಮ್ಲ ಅಂತಾರೆ. ಒಂದು ಊರಿನ ವೈದ್ಯರಿಗೆ ಇಪ್ಪತ್ತು ವರ್ಷದ ಮೇಲೆ ಬಂದ ಕ್ಯಾನ್ಸರ್ರು ಆ ಬೇರಿನದೇ ಅಂತ ಹೊಳೆಯೋದು ಹೇಗೆ? ಅವರ ಜಾಣತನ ಕಡಿಮೆ ಅಂತ ನಾನು ಹೇಳ್ತಿಲ್ಲ. ಎಣಿಸೋಕೆ ಅವರ ಹತ್ತಿರ ಪುಸ್ತಕ ಇರಲಿಲ್ಲ, ಸಾವಿರಾರು ಜನರ ಲೆಕ್ಕ ಒಂದೇ ಕಡೆ ಸೇರ್ತಿರಲಿಲ್ಲ.

ಚಿಕ್ಕಪ್ಪ: ಸರಿ. ಲಿಂಗ್‌ಝಿ ವಿಷಯ ಹೇಳು. ಪರೀಕ್ಷೆ ಮಾಡಿದಾರಾ ಇಲ್ವಾ? ಈ ಚೀಟಿಯಲ್ಲಿ ನೂರಾರು ಸಂಶೋಧನೆ ಆಗಿದೆ ಅಂತ ಅಚ್ಚು ಹಾಕಿದ್ದಾರೆ.

ಮಗಳು: ಆಗಿರೋದು ಸುಳ್ಳಲ್ಲ. ಬಹಳಷ್ಟು ಗಾಜಿನ ತಟ್ಟೆಯಲ್ಲಿಟ್ಟ ಜೀವಕೋಶಗಳ ಮೇಲೆ, ಇಲ್ಲಾಂದ್ರೆ ಇಲಿಗಳ ಮೇಲೆ. ತಟ್ಟೆಯಲ್ಲಿ ಕ್ಯಾನ್ಸರ್ ಕೋಶ ಸಾಯಿಸೋದು ಕಷ್ಟವಲ್ಲ, ಉಪ್ಪು ಹೆಚ್ಚಾದ್ರೂ ಸಾಯುತ್ತೆ. ನುಂಗಿದ್ದು ಹೊಟ್ಟೆಯಲ್ಲಿ ಕರಗಿ, ಈಲಿ ದಾಟಿ, ರಕ್ತದಲ್ಲಿ ಸಾಕಷ್ಟು ಉಳಿಯುತ್ತಾ ಅನ್ನೋದು ಬೇರೆ ಪ್ರಶ್ನೆ. ಮನುಷ್ಯರ ಮೇಲೆ ಏನು ಮಾಡಿದ್ರು ಅಂತ ಹೇಳೋ ಮೊದಲು ನಿಮ್ಮನ್ನೇ ಒಂದು ಕೇಳ್ತೀನಿ. ಬುಡಕ್ಕೆ ಹುಯ್ಯೋ ದ್ರಾವಣ ಅಂತ ಯಾರೋ ತಂದಿದ್ರಲ್ಲ, ಅಣಬೆ ರೋಗ ತಡೆಯುತ್ತೆ ಅಂತ. ಏನು ಮಾಡಿದ್ರಿ ಆಗ?

ಚಿಕ್ಕಪ್ಪ: ಅದಾ? ಬಾಯಿ ಮಾತು ಕೇಳಿ ಇಡೀ ತೋಟಕ್ಕೆ ಹುಯ್ಯೋಕಾಗುತ್ತಾ. ಒಂದು ಸಾಲಿಗೆ ಹುಯ್ದೆ, ಪಕ್ಕದ ಸಾಲು ಹಾಗೇ ಬಿಟ್ಟೆ. ಅದೇ ಮಣ್ಣು, ಅದೇ ನೀರು, ಅದೇ ವಯಸ್ಸಿನ ಮರ. ಒಂದು ಮಳೆಗಾಲ ಕಳೀಲಿ ಅಂತ ಕಾದೆ. ಎರಡು ಸಾಲಲ್ಲೂ ಒಂದೇ ಥರ ಸೋಗೆ ಬಿತ್ತು. ಅವನಿಗೆ ಬೇಡಪ್ಪ ಅಂದುಬಿಟ್ಟೆ. ಮಜಾ ಏನು ಗೊತ್ತಾ, ಪಕ್ಕದ ತೋಟದವನು ಎಲ್ಲ ಮರಕ್ಕೂ ಹುಯ್ದಿದ್ದ. ಅವನ ಮರ ಒಂದಷ್ಟು ಉಳೀತು. ದ್ರಾವಣದಿಂದಲೇ ಉಳೀತು ಅಂತ ಇವತ್ತಿಗೂ ವಾದ ಮಾಡ್ತಾನೆ. ಬಿಟ್ಟ ಸಾಲು ಇಲ್ಲವಲ್ಲ ಅವನ ಹತ್ತಿರ, ಹೇಗೆ ಗೊತ್ತಾಗಬೇಕು.

ಮಗಳು: ನಾನು ಕ್ಲಾಸಿನಲ್ಲಿ ವಾರಗಟ್ಟಲೆ ಹೇಳೋದು ಇದನ್ನೇ. ನಿಮ್ಮ ಕಾಯಿಲೆಗೇ ಇದನ್ನ ಪರೀಕ್ಷೆ ಮಾಡಿದಾರೆ ಚಿಕ್ಕಪ್ಪ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ, 2016ರಲ್ಲಿ ಫಲಿತಾಂಶ ಬಂತು. ಶುಗರ್ ಇರೋ, ಹೊಟ್ಟೆ ಬೊಜ್ಜು, ಬಿಪಿ ಅಂತ ಜೊತೆಗೆ ಇರೋ 84 ಜನ. ಕೆಲವರಿಗೆ ದಿನಕ್ಕೆ ಮೂರು ಗ್ರಾಂ ಲಿಂಗ್‌ಝಿ, ಕೆಲವರಿಗೆ ಅದರ ಜೊತೆ ಇನ್ನೊಂದು ಚೀನೀ ಅಣಬೆ, ಉಳಿದವರಿಗೆ ನೋಡೋಕೆ ಹಾಗೇ ಇರೋ ಪೊಳ್ಳು ಕ್ಯಾಪ್ಸೂಲು. ಹದಿನಾರು ವಾರ.

ಚಿಕ್ಕಪ್ಪ: ಪೊಳ್ಳು ಯಾಕೆ? ಸುಮ್ಮನೆ ಬಿಟ್ಟಿದ್ರೆ ಸಾಲದಾ, ನನ್ನ ಸಾಲಿನ ಹಾಗೆ?

ಮಗಳು: ಬುಡಕ್ಕೆ ಔಷಧಿ ಬಿತ್ತು ಅಂತ ಮರಕ್ಕೆ ತಿಳಿಯಲ್ಲ. ಮನುಷ್ಯನಿಗೆ ತಿಳಿಯುತ್ತೆ. ಹೊಸ ಮಾತ್ರೆ ಶುರು ಮಾಡಿದ್ದೀನಿ ಅನ್ನೋ ಹುರುಪಿಗೆ ಸಿಹಿ ಬಿಡ್ತಾನೆ, ವಾಕಿಂಗ್ ಹೋಗ್ತಾನೆ, ಮೈ ಹಗುರಾದ ಹಾಗೆ ಅನ್ನಿಸುತ್ತೆ. ಕೊಡೋ ಡಾಕ್ಟರಿಗೂ ತಿಳಿಯಬಾರದು, ತಿಳಿದ್ರೆ ಅವರ ಮಾತಿನ ಧಾಟಿ ಬದಲಾಗುತ್ತೆ.

ಚಿಕ್ಕಪ್ಪ: ಹೂಂ. ಕೊನೆಗೆ?

ಮಗಳು: ಎಚ್‌ಬಿಎ1ಸಿ, ಖಾಲಿ ಹೊಟ್ಟೆ ಶುಗರ್, ಎರಡರಲ್ಲೂ ವ್ಯತ್ಯಾಸ ಇಲ್ಲ. ಒಂದೇ ಪರೀಕ್ಷೆ ನಂಬಬೇಕಿಲ್ಲ. ಅದಕ್ಕೂ ಹಿಂದಿನ ವರ್ಷ ಕೊಕ್ರೇನ್ ಅನ್ನೋ ಸಂಸ್ಥೆ ಆವರೆಗಿನ ಐದು ಪರೀಕ್ಷೆ, 398 ಜನರ ಲೆಕ್ಕ ಒಟ್ಟು ಮಾಡಿ ನೋಡಿತ್ತು. ಶುಗರ್ ಇರೋರ ಹೃದಯಕ್ಕೆ ಅಪಾಯ ತರೋ ಅಂಶಗಳನ್ನ ಇಳಿಸೋಕೆ ಇದನ್ನ ಬಳಸಿ ಅನ್ನೋಕೆ ಆಧಾರ ಇಲ್ಲ ಅಂತ ಬರೀತು.

ಚಿಕ್ಕಪ್ಪ: ಆದ್ರೆ ನನ್ನ ಶುಗರ್ ಇಳಿದಿದೆಯಲ್ಲ ಪುಟ್ಟಿ! ಊರಲ್ಲಿ ಖಾಲಿ ಹೊಟ್ಟೆಗೆ 210 ಇತ್ತು. ಮೊನ್ನೆ ಇಲ್ಲಿ ಲ್ಯಾಬಿನಲ್ಲಿ 148. ಇದನ್ನ ತಿನ್ನೋಕೆ ಶುರು ಮಾಡಿದ ಮೇಲೇ ತಾನೇ?

ಮಗಳು: ಶುರು ಮಾಡಿದ ಮೇಲೇ. ಆ 210 ಯಾವಾಗಿನದು? ಊರಲ್ಲಿ ಮದುವೆ ಕಾಲ, ಬೀಗರೂಟ, ದಿನಾ ಹೋಳಿಗೆ. ಮಾತ್ರೆ ನೆನಪಾದ್ರೆ ಉಂಟು, ಇಲ್ಲಾಂದ್ರೆ ಇಲ್ಲ. ಇಲ್ಲಿಗೆ ಬಂದ ಮೇಲೆ ಅಮ್ಮ ತಟ್ಟೆ ಪಕ್ಕದಲ್ಲೇ ಮಾತ್ರೆ ಇಡ್ತಾರೆ. ರಾತ್ರಿ ಅನ್ನದ ಬದಲು ರಾಗಿಮುದ್ದೆ, ಅದೂ ಒಂದೇ. ಬೆಳಿಗ್ಗೆ ಅಪ್ಪನ ಜೊತೆ ವಿದ್ಯಾಪೀಠ ಸರ್ಕಲ್‌ವರೆಗೂ ನಡೀತೀರಿ. ಇಷ್ಟೆಲ್ಲ ಒಟ್ಟಿಗೆ ಬದಲಾದಾಗ ಹೆಸರು ಕ್ಯಾಪ್ಸೂಲಿಗೆ ಯಾಕೆ ಹೋಗಬೇಕು? ಜನ ಹೊಸ ಔಷಧಿಗೆ ಕೈ ಹಾಕೋದೂ ಕಾಯಿಲೆ ಜೋರಾದಾಗಲೇ. ಜೋರಾದದ್ದು ತಾನಾಗೇ ಸ್ವಲ್ಪ ಇಳಿಯೋದೂ ಉಂಟು. ಆಗ ಕೈಯಲ್ಲಿ ಯಾವ ಡಬ್ಬಿ ಇತ್ತೋ ಅದಕ್ಕೆ ಜಯಕಾರ.

ಚಿಕ್ಕಪ್ಪ: ಅಂದ್ರೆ ನಾನೂ ಪಕ್ಕದ ತೋಟದವನ ಹಾಗೆ ಮಾತಾಡ್ತಿದ್ದೀನಿ ಅನ್ನು.

ಮಗಳು: ನಿಮ್ಮೊಬ್ಬರ ಮೈಯಲ್ಲಿ ಎರಡು ಸಾಲು ಮಾಡೋಕಾಗಲ್ಲವಲ್ಲ ಚಿಕ್ಕಪ್ಪ. ಅದಕ್ಕೇ ಬೇರೆ ಜನರ ಲೆಕ್ಕ ಬೇಕಾಗೋದು. ಇನ್ನು ತೊಂದರೆ ವಿಷಯ. ಬಹಳ ಜನ ಇದನ್ನ ತಿಂದು ಚೆನ್ನಾಗೇ ಇದ್ದಾರೆ, ಹೆದರಿಸೋಕೆ ಹೇಳ್ತಿಲ್ಲ. ಆದರೆ ಥಾಯ್ಲೆಂಡಿನಲ್ಲಿ ಒಂದೆರಡು ತಿಂಗಳು ಇದರ ಪುಡಿ ತಿಂದವರೊಬ್ಬರು ಈಲಿ ಹೋಗಿ ತೀರಿಕೊಂಡದ್ದು 2007ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ. ಚೀನಾದ ಹಳೇ ಪದ್ಧತಿಯಲ್ಲಿ ಹೆಚ್ಚಾಗಿ ತುಂಡು ಕುದಿಸಿ ನೀರು ಕುಡೀತಿದ್ರು. ಪುಡಿ ಮಾಡಿ ಇಡೀಯಾಗಿ ನುಂಗೋದು, ಸಾರ ಇಳಿಸಿ ಒತ್ತಿ ತುಂಬೋದು ಈಚಿನದು. ಹಳೇ ಬಳಕೆಯ ಭರವಸೆಯನ್ನ ಹೊಸ ರೂಪಕ್ಕೆ ಅಂಟಿಸೋಕಾಗಲ್ಲ. ಇನ್ನೊಂದು, ನೀವು ರಕ್ತ ಹೆಪ್ಪುಗಟ್ಟದಿರಲಿ ಅಂತ ದಿನಾ ಆಸ್ಪಿರಿನ್ ತಗೋತೀರಿ. ಇದಕ್ಕೂ ಆ ಗುಣ ಒಂದಿಷ್ಟು ಇರಬಹುದು ಅನ್ನೋ ಎಚ್ಚರಿಕೆ ಇದೆ. ಅದಕ್ಕೇ ಆಪರೇಷನ್ ಮುಂಚೆ ಇದರ ಬಗ್ಗೆ ಡಾಕ್ಟರಿಗೆ ಹೇಳಲೇಬೇಕು. ಹೇಳಿದ್ರಾ?

ಚಿಕ್ಕಪ್ಪ: ಇದು ಔಷಧಿ ಅಲ್ಲ, ಆಹಾರ, ಡಾಕ್ಟರಿಗೆ ಹೇಳೋದೇನೂ ಬೇಡ ಅಂದಿದ್ರು ಆಕೆ.

ಮಗಳು: ಆಹಾರ ಅಂತ ಅವರು ಹೇಳೋಕೆ ಕಾರಣ ಇದೆ. ಇಂಥ ಪೂರಕ ಆಹಾರದ ಡಬ್ಬಿ ಮೇಲೆ ಔಷಧಿಯಾಗಿ ಬಳಸೋಕಲ್ಲ ಅಂತ ಹಾಕಬೇಕು ಅನ್ನೋದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ನೋಡಿ, ಇಲ್ಲಿದೆ, ಇರುವೆ ಗಾತ್ರದ ಅಕ್ಷರದಲ್ಲಿ. ಶುಗರ್, ಬಿಪಿ, ಕ್ಯಾನ್ಸರ್ ವಾಸಿ ಮಾಡ್ತೀವಿ ಅಂತ ಜಾಹೀರಾತು ಕೊಡೋ ಹಾಗೇ ಇಲ್ಲ, ಅದಕ್ಕೆ 1954ರಿಂದ ಕಾಯ್ದೆ ಇದೆ. ಹಾಗಾಗಿ ವಾಸಿ ಮಾಡ್ತೀವಿ ಅಂತ ಅಚ್ಚಿನಲ್ಲಿ ಹೇಳಲ್ಲ. ಹೇಳೋದೆಲ್ಲ ಹಾಲಿನಲ್ಲಿ ಕೂತು, ಕಾಫಿ ಕೊಟ್ಟು, ಗೊತ್ತಿರೋ ಮುಖದ ಬಾಯಲ್ಲಿ. ಅಲ್ಲಿಗೆ ಯಾವ ಇನ್‌ಸ್ಪೆಕ್ಟರ್ ಬರ್ತಾರೆ?

ಚಿಕ್ಕಪ್ಪ: ಆಕೆ ಮೋಸಗಾರ್ತಿ ಅಲ್ಲ ಕಣಮ್ಮ. ಗಂಡನಿಗೆ ಪಾರ್ಶ್ವವಾಯು ಆಗಿ ಎರಡು ವರ್ಷ ಆಯ್ತು. ಅವರಿಗೂ ಇದನ್ನೇ ಕೊಡ್ತಿದ್ದಾರೆ, ತಾನೂ ತಿಂತಾರೆ. ನಂಬಿಕೊಂಡೇ ಮಾರ್ತಿರೋದು.

ಮಗಳು: ಗೊತ್ತು. ನನಗೆ ಆಕೆ ಮೇಲೆ ಒಂದಿಷ್ಟೂ ಕೋಪ ಇಲ್ಲ. ಸರಕು ಕೊಂಡು ಮನೆಯಲ್ಲಿ ಪೇರಿಸಿಕೊಂಡಿದ್ದಾರೆ, ಇನ್ನೂ ನಾಲ್ಕು ಜನರನ್ನ ಸೇರಿಸಿದ್ರೆ ಹಾಕಿದ ದುಡ್ಡು ಬರುತ್ತೆ. ಅಂಥ ಇಕ್ಕಟ್ಟಿನಲ್ಲಿ ಇರೋರಿಗೆ ಔಷಧಿ ನಿಜವಾಗಲೇಬೇಕು. ನಿಮ್ಮನ್ನೂ ಸೇರಿಸಿಕೊಂಡ್ರಾ?

ಚಿಕ್ಕಪ್ಪ: ಸೇರಿದ್ರೆ ಕಡಿಮೆ ಬೆಲೆಗೆ ಸಿಗುತ್ತೆ ಅಂತ ಆಧಾರ್ ಕೊಟ್ಟಿದ್ದೀನಿ. ಹೋದ ವಾರ.

ಮಗಳು: ಹಾಗಾದ್ರೆ ತಡ ಮಾಡಬೇಡಿ. ಈ ಥರದ ನೇರ ಮಾರಾಟಕ್ಕೆ 2021ರಲ್ಲಿ ನಿಯಮ ಬಂದಿದೆ. ಸೇರಿದವರು ಇಂತಿಷ್ಟು ಅವಧಿಯೊಳಗೆ ದಂಡ ಇಲ್ಲದೆ ಹೊರಗೆ ಬರೋಕೆ ಅವಕಾಶ ಇರಲೇಬೇಕು. ನಿಮಗೆ ಕೊಟ್ಟ ಕಾಗದದಲ್ಲಿ ಆ ಅವಧಿ ಎಷ್ಟು ಅಂತ ಇವತ್ತೇ ನೋಡೋಣ. ಹಾಗೇ ಆಕೆ ಗಂಡನಿಗೆ ಪಾರ್ಶ್ವವಾಯು ಅಂದ್ರಲ್ಲ, ಅವರೂ ರಕ್ತ ತೆಳು ಮಾಡೋ ಮಾತ್ರೆ ತಗೋತಿರಬಹುದು. ಸಂಜೆ ನಾನೇ ಹೋಗಿ ಆಕೆ ಹತ್ತಿರ ಕೂತು ಮಾತಾಡ್ತೀನಿ.

ಚಿಕ್ಕಪ್ಪ: ಜಗಳ ಆಡಬೇಡ.

ಮಗಳು: ಆಡಲ್ಲ.

ಚಿಕ್ಕಪ್ಪ: ಇನ್ನೊಂದು ವಿಷಯ ಇದೆ. ಹೇಳೋಕೆ ಸಂಕೋಚ. ಊರಲ್ಲಿ ನನ್ನ ಗೆಳೆಯನಿಗೆ ಕರುಳಿನ ಕ್ಯಾನ್ಸರ್ರು. ಕಿದ್ವಾಯಿ ಆಸ್ಪತ್ರೆಗೆ ಬಂದು ಕೀಮೋ ತಗೊಂಡು ಹೋಗ್ತಾನೆ. ಅವನಿಗೂ ಎರಡು ಡಬ್ಬಿ ಕಳಿಸಿದೆ. ನೋವು ಪಡ್ತಿದ್ದಾನೆ, ಏನಾದ್ರೂ ಆಗಲಿ ಅಂತ. ಕ್ಯಾನ್ಸರ್ರಿಗಾದ್ರೂ ಏನಾದ್ರೂ ಇದೆಯಾ ಇದರಲ್ಲಿ?

ಮಗಳು: ಇಲ್ಲಿ ನಾನು ಪೂರ್ತಿ ಇಲ್ಲ ಅನ್ನಲ್ಲ ಚಿಕ್ಕಪ್ಪ. ಕೊಕ್ರೇನ್‌ನವರು ಕ್ಯಾನ್ಸರ್ ಬಗ್ಗೆಯೂ ನೋಡಿದ್ದಾರೆ. ಐದು ಪರೀಕ್ಷೆ, 373 ಜನ. ಕೀಮೋ ಅಥವಾ ರೇಡಿಯೇಷನ್ ಜೊತೆಗೆ ಕೊಟ್ಟವರಲ್ಲಿ ಚಿಕಿತ್ಸೆಗೆ ಸ್ಪಂದನೆ ಸ್ವಲ್ಪ ಹೆಚ್ಚಿತ್ತು, ದಿನನಿತ್ಯದ ನೆಮ್ಮದಿಯೂ ಕೆಲವರಲ್ಲಿ ಹೆಚ್ಚಿತ್ತು. ಆದರೆ ಪರೀಕ್ಷೆಗಳು ಚಿಕ್ಕವು, ಮಾಡಿದ ರೀತಿಯಲ್ಲೂ ಕುಂದಿತ್ತು. ಇದೊಂದನ್ನೇ ಕೊಟ್ಟಾಗ ಗಡ್ಡೆ ಕುಗ್ಗಲಿಲ್ಲ. ಮೊದಲ ಚಿಕಿತ್ಸೆಯಾಗಿ ಬಳಸೋಕೆ ಆಧಾರ ಸಾಲದು ಅಂತಲೇ ಅವರ ತೀರ್ಪು. ಡಾಕ್ಟರಿಗೆ ಹೇಳಿ, ಅವರು ಒಪ್ಪಿ, ಜೊತೆಗೆ ತಗೊಂಡ್ರೆ ಅದು ಒಂದು. ಡಾಕ್ಟರಿಗೆ ಮುಚ್ಚಿಟ್ಟು ತಗೊಂಡ್ರೆ ನಾಳೆ ಈಲಿ ಪರೀಕ್ಷೆಯಲ್ಲಿ ಏರುಪೇರಾದಾಗ ಕೀಮೋದಿಂದ ಆಯ್ತಾ, ಇದರಿಂದ ಆಯ್ತಾ ಅಂತ ಅವರಿಗೆ ತಿಳಿಯಲ್ಲ. ಕೀಮೋ ನಿಲ್ಲಿಸಿಬಿಟ್ಟಾರು. ಅವರು ಕೀಮೋ ತಪ್ಪಿಸಿಲ್ಲ ತಾನೇ?

ಚಿಕ್ಕಪ್ಪ: ಗೊತ್ತಿಲ್ಲಮ್ಮ. ಹೋದ ಸಲ ಫೋನಿನಲ್ಲಿ, ಇದು ಹಿಡಿಸೋ ಹಾಗಿದೆ, ಆ ಸೂಜಿ ಸಾಕಪ್ಪ ಸಾಕು ಅಂತಿದ್ದ.

ಮಗಳು: ಯಾವತ್ತು ಬರಬೇಕು ಅವರು ಮತ್ತೆ?

ಚಿಕ್ಕಪ್ಪ: ಸೋಮವಾರ. ಆ ಫೋನ್ ಕೊಡಿಲ್ಲಿ, ಈಗಲೇ ಮಾತಾಡ್ತೀನಿ. ನೀನೂ ಇಲ್ಲೇ ಕೂತಿರು, ಡೋಸಿನ ವಿಷಯ ಕೇಳಿದ್ರೆ ನನಗೆ ಹೇಳೋಕೆ ಬರಲ್ಲ.